ಮೂಲಪ್ರತಿಯ ಹೊಣೆ

ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಒಂದು ಗ್ರಂಥವು ನಾಲ್ಕು ಜನರ ಕೈಸೇರಬೇಕಾದರೆ ಅದನ್ನು ನಾಲ್ಕು ಸಲ ಓಲೆಗರಿಯ ಮೇಲೆ ಬರೆಯಬೇಕಾಗಿತ್ತು. ಹತ್ತನೆಯ ಶತಮಾನದಲ್ಲಿದ್ದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಮಹಾಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ. ಗ್ರಂಥವು ಅಳಿಯದಿರಲಿ ಎಂಬ ಆ ಕಾಳಜಿ ದೊಡ್ಡದು. ಆದರೆ ಕೈಬರಹದ ಪ್ರತಿಗಳಿಗೆ ಸಹಜವಾದ ಒಂದು ದೋಷವುಂಟು. ಒಬ್ಬ ಲಿಪಿಕಾರ ಒಂದು ಅಕ್ಷರವನ್ನು ಬಿಡುತ್ತಾನೆ. ಮತ್ತೊಬ್ಬ ಅರ್ಥವಾಗದ ಪದವನ್ನು ತನಗೆ ತೋಚಿದಂತೆ ತಿದ್ದುತ್ತಾನೆ. ಕೆಲವು ತಲೆಮಾರುಗಳು ಕಳೆಯುವಷ್ಟರಲ್ಲಿ ಒಂದೇ ಕಾವ್ಯಕ್ಕೆ ಹಲವು ಪಾಠಾಂತರಗಳು ಹುಟ್ಟಿಕೊಳ್ಳುತ್ತವೆ. ಅವುಗಳಲ್ಲಿ ಕವಿಯ ಮಾತು ಯಾವುದೆಂದು ನಿರ್ಣಯಿಸುವುದು ವಿದ್ವಾಂಸರಿಗೆ ವರ್ಷಗಟ್ಟಲೆಯ ದುಡಿಮೆಯಾಗುತ್ತದೆ.

ಪ್ರತಿಗಳು ಹೆಚ್ಚಿದಷ್ಟೂ ಭೇದಗಳು ಹೆಚ್ಚುತ್ತವೆ ಎಂಬ ಈ ಹಳೆಯ ತೊಡಕು ಇಂದಿನ ಗಣಕಯಂತ್ರಗಳ ಕೊಠಡಿಯಲ್ಲಿಯೂ ಎದುರಾಗುತ್ತದೆ. ಒಂದು ಪ್ರೌಢಶಾಲೆಯಲ್ಲಿ ಮೂವತ್ತು ಗಣಕಯಂತ್ರಗಳಿವೆ ಎಂದು ಭಾವಿಸಬಹುದು. ಪ್ರತಿಯೊಂದರೊಳಗೂ ಒಂದು ಡಿಸ್ಕ್ ಇರುತ್ತದೆ. ವಿದ್ಯುತ್ತು ಹೋದರೂ ವಿಷಯಗಳನ್ನು ಕಳೆದುಕೊಳ್ಳದೆ ಕಾಪಿಡುವ ಸಾಧನ ಅದು. ಯಂತ್ರವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯೂ, ಬರೆಯಲು, ಎಣಿಸಲು, ಚಿತ್ರಿಸಲು ಬೇಕಾದ ತಂತ್ರಾಂಶಗಳೂ ಆ ಡಿಸ್ಕಿನಲ್ಲಿಯೇ ನೆಲೆಸಿರುತ್ತವೆ. ಉಪಾಧ್ಯಾಯರು ಹೊಸ ತಂತ್ರಾಂಶವೊಂದನ್ನು ಸೇರಿಸಬೇಕಾದರೆ ಅದೇ ಕೆಲಸವನ್ನು ಮೂವತ್ತು ಸಲ ಮಾಡಬೇಕು. ಹತ್ತೊಂಬತ್ತನೆಯ ಯಂತ್ರದಲ್ಲಿ ಒಂದು ಹೆಜ್ಜೆ ಮರೆತುಹೋಗಬಹುದು. ಇಪ್ಪತ್ತೈದನೆಯ ಯಂತ್ರದಲ್ಲಿ ಒಬ್ಬ ವಿದ್ಯಾರ್ಥಿ ತಿಳಿಯದೆ ಒಂದು ಕಡತವನ್ನು ಅಳಿಸಿರಬಹುದು. ವರ್ಷ ಕಳೆಯುವುದರೊಳಗೆ ಮೂವತ್ತು ಯಂತ್ರಗಳು ಮೂವತ್ತು ಬಗೆಯಾಗಿರುತ್ತವೆ. ಇವೂ ಒಂದು ರೀತಿಯ ಪಾಠಾಂತರಗಳೇ.

ಈ ತೊಡಕಿಗೆ ತಂತ್ರಜ್ಞರು ಕಂಡುಕೊಂಡ ಪರಿಹಾರ ಸರಳವಾದುದು. ಒಂದು ಡಿಸ್ಕಿನಲ್ಲಿರುವುದೆಲ್ಲವನ್ನೂ, ಅದರ ಕ್ರಮವೂ ಕೆಡದಂತೆ, ಒಂದೇ ದೊಡ್ಡ ಕಡತವಾಗಿ ಎತ್ತಿಟ್ಟುಕೊಳ್ಳಬಹುದು. ಇದಕ್ಕೆ ಡಿಸ್ಕ್ ಇಮೇಜ್, ಅಂದರೆ ಡಿಸ್ಕಿನ ಪ್ರತಿರೂಪ, ಎಂದು ಹೆಸರು. ಈ ಪ್ರತಿರೂಪವನ್ನು ಸರ್ವರ್ ಎಂಬ ಒಂದು ಯಂತ್ರದಲ್ಲಿ ಇರಿಸಿ, ಉಳಿದ ಯಂತ್ರಗಳೆಲ್ಲವೂ ಕೊಠಡಿಯೊಳಗಿನ ತಂತಿಯ ಜಾಲದ ಮೂಲಕ ಅದನ್ನೇ ಓದಿಕೊಂಡು ಕೆಲಸ ಮಾಡುವಂತೆ ಏರ್ಪಡಿಸಿದರೆ, ಮೂವತ್ತು ಡಿಸ್ಕುಗಳ ಅಗತ್ಯವೇ ಇರುವುದಿಲ್ಲ. ತಿದ್ದುಪಡಿಯನ್ನು ಒಂದೆಡೆ ಮಾಡಿದರೆ ಸಾಕು. ಮರುದಿನ ಬೆಳಿಗ್ಗೆ ಯಂತ್ರಗಳನ್ನು ಚಾಲೂ ಮಾಡಿದಾಗ ಮೂವತ್ತರಲ್ಲಿಯೂ ಅದು ಕಾಣುತ್ತದೆ.

ಹೇಳುವುದಕ್ಕೆ ಸುಲಭವಾದ ಈ ಏರ್ಪಾಟಿನಲ್ಲಿ ಒಂದು ಒಗಟು ಅಡಗಿದೆ. ಗಣಕಯಂತ್ರವು ತಾನು ಏನು ಮಾಡಬೇಕೆಂಬುದನ್ನು ಡಿಸ್ಕಿನಿಂದಲೇ ತಿಳಿದುಕೊಳ್ಳುತ್ತದೆ. ಡಿಸ್ಕೇ ಇಲ್ಲದ ಯಂತ್ರಕ್ಕೆ ಜಾಲದಲ್ಲಿ ಮಾತನಾಡುವುದು ಹೇಗೆಂದು ಕಲಿಸುವವರು ಯಾರು? ಕಲಿಸುವ ಪಾಠ ಜಾಲದ ಆಚೆ ಬದಿಯಲ್ಲಿದೆ. ಅಲ್ಲಿಗೆ ತಲುಪಬೇಕಾದರೆ ಆ ಪಾಠ ಮೊದಲೇ ತಿಳಿದಿರಬೇಕು. ತಾನು ತೊಟ್ಟ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲಕ್ಕೇರುವುದು ಎಂಬ ಅರ್ಥದ ಇಂಗ್ಲಿಷ್ ನಾಣ್ಣುಡಿಯೊಂದಿದೆ. ಗಣಕಯಂತ್ರವು ಏನೂ ತಿಳಿಯದ ಸ್ಥಿತಿಯಿಂದ ತಾನೇ ತಾನಾಗಿ ಎಚ್ಚರಗೊಳ್ಳುವ ಕ್ರಿಯೆಗೆ ಬೂಟಿಂಗ್ ಎಂಬ ಹೆಸರು ಬಂದುದು ಆ ಮಾತಿನಿಂದಲೇ.

ಈ ಒಗಟು ಬಿಡಿಸಲ್ಪಟ್ಟ ಬಗೆಯನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1956ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಸಂಗ್ರಾಹಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅದರ ತೂಕ ಸುಮಾರು ಒಂದು ಟನ್. ಅದರಲ್ಲಿ ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. ಮುಂದಿನ ವರ್ಷಗಳಲ್ಲಿ ಡಿಸ್ಕುಗಳು ಕಿರಿದಾದವಾದರೂ 1980ರ ದಶಕದ ಆರಂಭದಲ್ಲಿಯೂ ಅವು ದುಬಾರಿಯೇ ಆಗಿದ್ದವು. ಇತ್ತ 1973ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಸಂಶೋಧನ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಅವರು ಈಥರ್‌ನೆಟ್ ಎಂಬ ಸ್ಥಳೀಯ ಜಾಲವನ್ನು ರೂಪಿಸಿದ್ದರು. ಒಂದು ಕಟ್ಟಡದೊಳಗಿನ ಯಂತ್ರಗಳು ಒಂದೇ ತಂತಿಯ ಮೇಲೆ ಪರಸ್ಪರ ಮಾತನಾಡಲು ಇದರಿಂದ ಸಾಧ್ಯವಾಯಿತು. ಡಿಸ್ಕ್ ದುಬಾರಿ, ತಂತಿ ಅಗ್ಗ. ಹಾಗಿದ್ದ ಮೇಲೆ ಒಂದು ಡಿಸ್ಕನ್ನು ಹಲವು ಯಂತ್ರಗಳು ಹಂಚಿಕೊಳ್ಳಬಾರದೇಕೆ ಎಂಬ ಪ್ರಶ್ನೆ ಮೂಡಿದುದು ಸಹಜವೇ.

ಆದರೆ ದೂರದ ಡಿಸ್ಕನ್ನು ನೆಚ್ಚಿದ ಯಂತ್ರ ಬಲು ನಿಧಾನವಾಗುವುದೆಂಬ ಶಂಕೆಯಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಚೆರಿಟನ್ ಮತ್ತು ವಿಲ್ಲಿ ಜ್ವಾನೆಪೋಲ್ ಅವರು ಡಿಸ್ಕಿಲ್ಲದ ಯಂತ್ರಗಳ ಮೇಲೆ ಅಳತೆಗಳನ್ನು ಮಾಡಿ, ಸ್ಥಳೀಯ ಜಾಲದ ಮೂಲಕ ಕಡತಗಳನ್ನು ಓದುವುದರಿಂದ ಆಗುವ ನಷ್ಟ ಅತ್ಯಲ್ಪವೆಂದು 1983ರಲ್ಲಿ ತೋರಿಸಿಕೊಟ್ಟರು. ಅದಕ್ಕೆ ಒಂದು ವರ್ಷ ಮೊದಲು, 1982ರಲ್ಲಿ, ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪನಿ ಸ್ಥಾಪನೆಯಾಗಿತ್ತು. ಸನ್ ಎಂಬುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾಲವನ್ನು ಸೂಚಿಸುವ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ಆದ ಹೆಸರು. ದೆಹಲಿಯ ಐ.ಐ.ಟಿ.ಯಲ್ಲಿ ಓದಿದ ವಿನೋದ್ ಖೋಸ್ಲಾ ಅದರ ಸ್ಥಾಪಕರಲ್ಲೊಬ್ಬರು. ಈ ಕಂಪನಿ ಡಿಸ್ಕಿಲ್ಲದ ಯಂತ್ರಗಳನ್ನು ತಯಾರಿಸಿ ಮಾರಿತು. ಒಂದೆಡೆಯಿರುವ ಕಡತಗಳನ್ನು ಜಾಲದ ಯಾವ ಯಂತ್ರವಾದರೂ ತನ್ನವೇ ಎಂಬಂತೆ ಬಳಸಲು ಅನುವಾಗುವ ಎನ್.ಎಫ್.ಎಸ್. ಎಂಬ ಕ್ರಮವನ್ನೂ ರೂಪಿಸಿತು.

ಇನ್ನು ಎಚ್ಚರಗೊಳ್ಳುವ ಕ್ರಿಯೆಯ ವಿಚಾರ. ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರದ ಈಥರ್‌ನೆಟ್ ಕಾರ್ಡಿಗೂ ತಯಾರಿಕೆಯ ಸಮಯದಲ್ಲಿಯೇ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟಿರುತ್ತಾರೆ. ವಿದ್ಯುತ್ತು ಹರಿದೊಡನೆ ಡಿಸ್ಕಿಲ್ಲದ ಯಂತ್ರಕ್ಕೆ ತಿಳಿದಿರುವುದು ಈ ಸಂಖ್ಯೆ ಮತ್ತು ಕಾಯಂ ಸ್ಮೃತಿಯಲ್ಲಿ ಬರೆದಿಟ್ಟ ಒಂದು ಚಿಕ್ಕ ಪಾಠ, ಇಷ್ಟೇ. ಆ ಪಾಠದ ಸಾರವೆಂದರೆ, “ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ಕೂಗು” ಎಂಬುದು. ಹೊಸ ಊರಿಗೆ ರಾತ್ರಿ ಬಂದಿಳಿದ ಪ್ರಯಾಣಿಕನು ಯಾರ ಮನೆ ಎಲ್ಲಿದೆ ಎಂದು ತಿಳಿಯದೆ ಬೀದಿಯ ನಡುವೆ ನಿಂತು ಕರೆಯುವಂತೆ, ಯಂತ್ರವು ತನ್ನ ಸಂಖ್ಯೆಯನ್ನು ಹೇಳಿ, “ನನ್ನ ವಿಳಾಸವೇನು?” ಎಂದು ಕೇಳುತ್ತದೆ. ಹೀಗೆ ಕೇಳುವ ಒಂದು ವಿಧಾನವನ್ನು ಸ್ಟ್ಯಾನ್‌ಫರ್ಡಿನ ನಾಲ್ವರು 1984ರಲ್ಲಿ ಪ್ರಕಟಿಸಿದರು. ಅದರಿಂದ ವಿಳಾಸವೊಂದೇ ದೊರೆಯುತ್ತಿತ್ತು. ಮರುವರ್ಷ, 1985ರ ಸೆಪ್ಟೆಂಬರಿನಲ್ಲಿ, ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಅವರು ಬೂಟ್‌ಪಿ ಎಂಬ ಉತ್ತಮ ವಿಧಾನವನ್ನು ಮುಂದಿಟ್ಟರು. ಇದರಲ್ಲಿ ಒಂದೇ ಉತ್ತರದಲ್ಲಿ ಮೂರು ಸಂಗತಿಗಳು ಬರುತ್ತವೆ: ಯಂತ್ರದ ವಿಳಾಸ, ಸರ್ವರಿನ ವಿಳಾಸ, ಅಲ್ಲಿಂದ ತರಬೇಕಾದ ಕಡತದ ಹೆಸರು. 1993ರಲ್ಲಿ ಇದನ್ನು ವಿಸ್ತರಿಸಿ ಡಿ.ಎಚ್.ಸಿ.ಪಿ. ಎಂಬ ಕ್ರಮ ರೂಪುಗೊಂಡಿತು. 1990ರ ದಶಕದ ಕೊನೆಯಲ್ಲಿ ಇಂಟೆಲ್ ಸಂಸ್ಥೆ ಇವೆಲ್ಲವನ್ನೂ ಕೂಡಿಸಿ ಪಿ.ಎಕ್ಸ್.ಇ. ಎಂಬ ಒಪ್ಪಂದವನ್ನು ಸಿದ್ಧಪಡಿಸಿದ ಬಳಿಕ, ಸಾಮಾನ್ಯ ಗಣಕಯಂತ್ರಗಳಿಗೂ ಜಾಲದಿಂದ ಎಚ್ಚರಗೊಳ್ಳುವ ಶಕ್ತಿ ಬಂದಿತು.

ಕಡತದ ಹೆಸರು ತಿಳಿದ ಮೇಲೆ ಅದನ್ನು ತರಬೇಕಷ್ಟೆ. ಇದಕ್ಕಾಗಿ ಟಿ.ಎಫ್.ಟಿ.ಪಿ. ಎಂಬ ಅತ್ಯಂತ ಸರಳವಾದ ಸಾಗಣೆಯ ಕ್ರಮವಿದೆ. ಚಿಕ್ಕ ಸ್ಮೃತಿಯಲ್ಲಿ ಹಿಡಿಸಬೇಕಾದುದರಿಂದ ಅದು ಸರಳವಾಗಿಯೇ ಇರಬೇಕಾಗಿತ್ತು. ಸರ್ವರು ಕಡತವನ್ನು 512 ಬೈಟುಗಳ ಕಟ್ಟುಗಳಾಗಿ ಮಾಡಿ ಒಂದನ್ನು ಕಳುಹಿಸುತ್ತದೆ. “ತಲುಪಿತು” ಎಂಬ ಮಾತು ಬಂದ ಮೇಲೆಯೇ ಮುಂದಿನದನ್ನು ಕಳುಹಿಸುತ್ತದೆ. ಹತ್ತು ಲಕ್ಷ ಬೈಟುಗಳ ಕಡತಕ್ಕೆ 1954 ಕಟ್ಟುಗಳಾಗುತ್ತವೆ. ಕೊನೆಯ ಕಟ್ಟು 512ಕ್ಕಿಂತ ಚಿಕ್ಕದಾಗಿರುವುದರಿಂದ ಕಡತ ಮುಗಿಯಿತೆಂದು ತಿಳಿಯುತ್ತದೆ.

ಇಷ್ಟು ಸರಳವಾದುದರಲ್ಲಿಯೂ ಒಂದು ತಪ್ಪು ನುಸುಳಿತ್ತು. “ತಲುಪಿತು” ಎಂಬ ಉತ್ತರ ತಡವಾದರೆ ಸರ್ವರು ಕಟ್ಟು ಕಳೆದುಹೋಯಿತೆಂದು ಬಗೆದು ಅದನ್ನೇ ಮತ್ತೆ ಕಳುಹಿಸುತ್ತಿತ್ತು. ಆಗ ಎರಡು ಕಟ್ಟುಗಳಿಗೆ ಎರಡು ಉತ್ತರಗಳು ಬರುತ್ತಿದ್ದವು. ಎರಡು ಉತ್ತರಗಳಿಗೆ ಮುಂದಿನ ಕಟ್ಟನ್ನು ಎರಡು ಸಲ ಕಳುಹಿಸಲಾಗುತ್ತಿತ್ತು. ಹೀಗೆ ಕೊನೆಯವರೆಗೂ ಪ್ರತಿಯೊಂದೂ ಇಮ್ಮಡಿಯಾಗಿ ಸಾಗುತ್ತಿತ್ತು. ಜರ್ಮನಿಯ ಕವಿ ಗಯಟೆಯ ಒಂದು ಕಥನಕವನದಲ್ಲಿ ಮಾಂತ್ರಿಕನ ಶಿಷ್ಯನೊಬ್ಬ ಪೊರಕೆಗೆ ನೀರು ತರಲು ಆಜ್ಞಾಪಿಸಿ, ಅದನ್ನು ನಿಲ್ಲಿಸುವ ಮಂತ್ರ ಮರೆತು, ಕೊಡಲಿಯಿಂದ ಸೀಳುತ್ತಾನೆ. ಎರಡು ತುಂಡುಗಳೂ ಎದ್ದು ನೀರು ತರತೊಡಗುತ್ತವೆ. ಆ ಕಥೆಯನ್ನು ನೆನೆದು ಈ ದೋಷಕ್ಕೆ ಮಾಂತ್ರಿಕನ ಶಿಷ್ಯ ಎಂದೇ ಹೆಸರಿಟ್ಟರು. ಒಮ್ಮೆ ಬಂದ ಉತ್ತರ ಮತ್ತೆ ಬಂದರೆ ಸುಮ್ಮನಿರಬೇಕೆಂಬ ಒಂದೇ ನಿಯಮದಿಂದ ಅದನ್ನು ಸರಿಪಡಿಸಲಾಯಿತು.

ಹೀಗೆ ಬಂದ ಚಿಕ್ಕ ಕಡತವು ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ತರುತ್ತದೆ. ಆ ತಿರುಳು ಸರ್ವರಿನಲ್ಲಿರುವ ಡಿಸ್ಕಿನ ಪ್ರತಿರೂಪವನ್ನು ಜಾಲದ ಮೂಲಕ ತೆರೆಯುತ್ತದೆ. ಆ ಬಳಿಕ ಯಂತ್ರವು ತನ್ನೊಳಗೇ ಡಿಸ್ಕ್ ಇದೆಯೆಂಬಂತೆ ವರ್ತಿಸುತ್ತದೆ. ಇಲ್ಲಿ ಮತ್ತೊಂದು ಪ್ರಶ್ನೆ ಏಳುತ್ತದೆ. ಮೂವತ್ತು ಯಂತ್ರಗಳು ಒಂದೇ ಪ್ರತಿರೂಪವನ್ನು ಓದಬಹುದು. ಆದರೆ ಮೂವತ್ತೂ ಅದರ ಮೇಲೆ ಬರೆಯತೊಡಗಿದರೆ ಗತಿಯೇನು? ಇದಕ್ಕೆ ಪರಿಹಾರ ಭೂಗೋಳದ ತರಗತಿಯಲ್ಲಿ ಕಾಣುವಂತಹುದೇ. ನಕ್ಷೆಯ ಪುಸ್ತಕ ಕೆಡದಂತೆ ವಿದ್ಯಾರ್ಥಿಗಳು ಅದರ ಮೇಲೆ ಪಾರದರ್ಶಕವಾದ ತೆಳುಹಾಳೆಯನ್ನು ಹಾಸಿ ಗೆರೆ ಎಳೆಯುತ್ತಾರೆ. ನೋಡುವವರಿಗೆ ನಕ್ಷೆಯೂ ಗೆರೆಯೂ ಒಟ್ಟಿಗೆ ಕಾಣುತ್ತವೆ. ಹಾಳೆಯನ್ನು ತೆಗೆದರೆ ನಕ್ಷೆ ಮೊದಲಿನಂತೆಯೇ ಇರುತ್ತದೆ. ಅದರಂತೆ ಇಲ್ಲಿಯೂ ಪ್ರತಿರೂಪವನ್ನು ಓದಲು ಮಾತ್ರ ಬಿಟ್ಟು, ಪ್ರತಿಯೊಂದು ಯಂತ್ರವೂ ಮಾಡುವ ಬದಲಾವಣೆಗಳನ್ನು ಅದರದೇ ತಾತ್ಕಾಲಿಕ ಸ್ಮೃತಿಯಲ್ಲಿ ಬೇರೆಯಾಗಿ ಇಡಲಾಗುತ್ತದೆ. ಯಂತ್ರವನ್ನು ಆರಿಸಿದೊಡನೆ ಆ ಹಾಳೆ ಅಳಿಯುತ್ತದೆ. ವಿದ್ಯಾರ್ಥಿಗಳು ಬರೆದ ಪ್ರಬಂಧ, ಲೆಕ್ಕ ಮೊದಲಾದವು ಮಾತ್ರ ಅವರವರ ಹೆಸರಿನಲ್ಲಿ ಸರ್ವರಿನ ಬೇರೊಂದು ಭಾಗದಲ್ಲಿ ಉಳಿಯುತ್ತವೆ.

ಸ್ವಲ್ಪ ಲೆಕ್ಕವನ್ನೂ ನೋಡಬೇಕು. ಪ್ರತಿರೂಪದ ಗಾತ್ರ 400 ಕೋಟಿ ಬೈಟುಗಳೆಂದು ಇಟ್ಟುಕೊಂಡರೆ ಅದು 3200 ಕೋಟಿ ಬಿಟ್ಟುಗಳಾಗುತ್ತದೆ. ಸೆಕೆಂಡಿಗೆ 10 ಕೋಟಿ ಬಿಟ್ಟುಗಳನ್ನು ಸಾಗಿಸುವ ಜಾಲದಲ್ಲಿ ಅದನ್ನು ಪೂರ್ತಿಯಾಗಿ ಒಂದು ಯಂತ್ರಕ್ಕೆ ಮುಟ್ಟಿಸಲು 320 ಸೆಕೆಂಡು ಬೇಕು. ಸರ್ವರಿನಿಂದ ಹೊರಡುವ ತಂತಿ ಒಂದೇ ಆಗಿರುವಾಗ, ಮೂವತ್ತಕ್ಕೂ ಬೇರೆಬೇರೆಯಾಗಿ ಮುಟ್ಟಿಸಲು 9600 ಸೆಕೆಂಡು, ಅಂದರೆ 2 ಗಂಟೆ 40 ನಿಮಿಷ ಬೇಕು. ಶಾಲೆಯ ಒಂದು ಅವಧಿ ಅಷ್ಟರೊಳಗೆ ಮೂರು ಸಲ ಮುಗಿದಿರುತ್ತದೆ. ಆದರೆ ಗ್ರಂಥಾಲಯಕ್ಕೆ ಹೋದವನು ಕಪಾಟಿನಲ್ಲಿರುವುದನ್ನೆಲ್ಲ ಹೊತ್ತು ತರುವುದಿಲ್ಲ; ಬೇಕಾದ ಪುಸ್ತಕದ ಬೇಕಾದ ಪುಟವನ್ನು ತೆರೆಯುತ್ತಾನೆ. ಯಂತ್ರವೂ ಹಾಗೆಯೇ ಪ್ರತಿರೂಪದಲ್ಲಿ ತನಗೆ ಆಗ ಬೇಕಾದ ತುಣುಕುಗಳನ್ನಷ್ಟೇ ಕೇಳಿ ಪಡೆಯುತ್ತದೆ. ಆದುದರಿಂದ ಕಾಯುವ ಹೊತ್ತು ಬಹಳ ಕಡಿಮೆಯಾಗುತ್ತದೆ.

ಈ ವಿಧಾನದಿಂದ ಹೆಚ್ಚಿನ ಪ್ರಯೋಜನ ಪಡೆದವು ಶಾಲೆಗಳು. 1999ರಲ್ಲಿ ಅಮೆರಿಕದ ಜಿಮ್ ಮೆಕ್‌ಕ್ವಿಲನ್ ಅವರು ಎಲ್.ಟಿ.ಎಸ್.ಪಿ. ಎಂಬ ಯೋಜನೆಯನ್ನು ಆರಂಭಿಸಿದರು. ಕಚೇರಿಗಳು ಹಳತಾಯಿತೆಂದು ಬಿಸಾಡುವ ಯಂತ್ರಗಳನ್ನು ಒಂದು ಒಳ್ಳೆಯ ಸರ್ವರಿಗೆ ಸೇರಿಸಿ ಮತ್ತೆ ಉಪಯುಕ್ತವಾಗಿಸಲು ಅದು ದಾರಿಮಾಡಿತು. 2001ರ ಜುಲೈ ತಿಂಗಳಲ್ಲಿ ನಾರ್ವೆಯ ಕೆಲವು ಸ್ವಯಂಸೇವಕರು ಸ್ಕೂಲೆಲಿನಕ್ಸ್ ಎಂಬ ಕಾರ್ಯಕ್ಕೆ ಕೈಹಾಕಿದರು. ಮಕ್ಕಳಿಗೆ ಅವರ ಭಾಷೆಯಲ್ಲಿಯೇ ತಂತ್ರಾಂಶ ದೊರೆಯಬೇಕು, ಶಾಲೆಗೆ ಅದರ ಹೊರೆ ಹಗುರವಾಗಿರಬೇಕು ಎಂಬುದು ಅವರ ಆಶಯವಾಗಿತ್ತು. ನಾರ್ವೆಯಂತಹ ಚಿಕ್ಕ ದೇಶದ ಭಾಷೆಗೆ ಇದು ಅಲ್ಪ ವಿಷಯವಲ್ಲ. ಮೂಲಪ್ರತಿಯಲ್ಲಿ ಒಮ್ಮೆ ಭಾಷೆಯನ್ನು ಅಳವಡಿಸಿದರೆ ಕೊಠಡಿಯ ಎಲ್ಲ ಮಕ್ಕಳಿಗೂ ಅದು ಒಟ್ಟಿಗೆ ದೊರೆಯುತ್ತದೆ. ಕನ್ನಡದ ಅಕ್ಷರರೂಪಗಳೂ ಕೀಲಿಮಣೆಯ ಜೋಡಣೆಯೂ ಹೀಗೆಯೇ ಒಂದೆಡೆ ಸೇರಿಸಿದರೆ ಮೂವತ್ತು ಪರದೆಗಳ ಮೇಲೆ ಕನ್ನಡ ಮೂಡುತ್ತದೆ. ಸ್ಕೂಲೆಲಿನಕ್ಸ್ ವ್ಯವಸ್ಥೆಯಲ್ಲಿ ಮುಖ್ಯ ಸರ್ವರಿಗೆ ಇಟ್ಟಿರುವ ಹೆಸರಿಗೆ ನಾರ್ವೆಯ ಭಾಷೆಯಲ್ಲಿ ಸೇವಕ ಎಂದು ಅರ್ಥ. ಆ ಹೆಸರು ತಕ್ಕುದಾಗಿದೆ.

ಆದರೆ ಎಲ್ಲರೂ ಒಬ್ಬ ಸೇವಕನನ್ನೇ ನೆಚ್ಚಿದಾಗ ಅವನ ಹೊಣೆಯೂ ಬೆಳೆಯುತ್ತದೆ. ಮೊದಲನೆಯದಾಗಿ, ಸರ್ವರು ನಿಂತರೆ ಮೂವತ್ತು ಯಂತ್ರಗಳೂ ಸ್ತಬ್ಧವಾಗುತ್ತವೆ. ಎನ್.ಎಫ್.ಎಸ್. ಕ್ರಮದಲ್ಲಿ ಯಂತ್ರಗಳು ತಾಳ್ಮೆಯಿಂದ ಮತ್ತೆ ಮತ್ತೆ ಕೇಳುತ್ತಾ ಕಾದಿದ್ದು, ಸರ್ವರು ಮರಳಿ ಎದ್ದೊಡನೆ ನಿಂತಲ್ಲಿಂದ ಮುಂದುವರಿಯುವುದುಂಟು. ಆದರೂ ಪರೀಕ್ಷೆಯ ದಿನ ಹಾಗಾದರೆ ಆಗುವ ತೊಂದರೆ ಊಹಿಸಬಹುದಾದುದೇ. ಎರಡನೆಯದಾಗಿ, ತಿದ್ದುಪಡಿ ಎಲ್ಲೆಡೆ ಹಬ್ಬುವಂತೆಯೇ ತಪ್ಪೂ ಎಲ್ಲೆಡೆ ಹಬ್ಬುತ್ತದೆ. ಲಿಪಿಕಾರನ ತಪ್ಪು ಒಂದು ಓಲೆಕಟ್ಟನ್ನು ಕೆಡಿಸಿದರೆ, ಮೂಲಪ್ರತಿಯಲ್ಲಿ ಆದ ತಪ್ಪು ಇಡೀ ಕೊಠಡಿಯನ್ನು ಕೆಡಿಸುತ್ತದೆ. ಆದುದರಿಂದ ಬಲ್ಲವರು ಹೊಸ ಪ್ರತಿರೂಪವನ್ನು ಮೊದಲು ಒಂದೇ ಯಂತ್ರದಲ್ಲಿ ಪರೀಕ್ಷಿಸುತ್ತಾರೆ; ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಇಟ್ಟುಕೊಂಡಿರುತ್ತಾರೆ.

ಮೂರನೆಯ ಅಪಾಯ ಇವೆರಡಕ್ಕಿಂತಲೂ ಸೂಕ್ಷ್ಮವಾದುದು. ಎಚ್ಚರಗೊಳ್ಳುವ ಯಂತ್ರವು ಬೀದಿಯಲ್ಲಿ ನಿಂತು ಕೂಗುತ್ತದೆ. ಉತ್ತರಿಸಿದವರು ಯಾರೆಂದು ಅದು ವಿಚಾರಿಸುವುದಿಲ್ಲ. ಟಿ.ಎಫ್.ಟಿ.ಪಿ.ಯಲ್ಲಿ ಹೆಸರನ್ನಾಗಲಿ ಗುಪ್ತಪದವನ್ನಾಗಲಿ ಕೇಳುವ ಏರ್ಪಾಟಿಲ್ಲ. ಅದೇ ಜಾಲಕ್ಕೆ ಸೇರಿದ ಕಪಟಿಯೊಬ್ಬನ ಯಂತ್ರ ಮೊದಲು ಉತ್ತರ ಕೊಟ್ಟರೆ, ಎಚ್ಚರಗೊಳ್ಳುವ ಯಂತ್ರವು ಅದನ್ನೇ ನಂಬಿ, ಅದು ಕೊಟ್ಟುದನ್ನೇ ತನ್ನ ಮೊದಲ ಪಾಠವಾಗಿ ಕಲಿಯುತ್ತದೆ. ಮೊದಲ ಪಾಠವೇ ಕೆಟ್ಟರೆ ಆಮೇಲಿನ ಯಾವ ಎಚ್ಚರಿಕೆಯೂ ಪ್ರಯೋಜನಕ್ಕೆ ಬಾರದು. ಇದನ್ನು ಮನಗಂಡು, 2012ರ ಸುಮಾರಿಗೆ ಬಳಕೆಗೆ ಬಂದ ಸೆಕ್ಯೂರ್ ಬೂಟ್ ಎಂಬ ವ್ಯವಸ್ಥೆಯಲ್ಲಿ, ಬಂದ ಪಾಠದ ಮೇಲೆ ನಂಬಬಹುದಾದವರ ಗಣಿತಬದ್ಧ ಸಹಿಯಿದೆಯೇ ಎಂದು ಯಂತ್ರವು ಮೊದಲು ಪರೀಕ್ಷಿಸುತ್ತದೆ; ಇಲ್ಲದಿದ್ದರೆ ನಿರಾಕರಿಸುತ್ತದೆ. ಜಾಲದೊಳಗೆ ಯಾರು ಬೇಕಾದರೂ ತಂತಿ ಸಿಕ್ಕಿಸದಂತೆ ಕಾಯುವುದೂ ಅಷ್ಟೇ ಅಗತ್ಯ.

ಇಷ್ಟನ್ನು ತಿಳಿದ ಮೇಲೆ ಅತ್ತಿಮಬ್ಬೆಯ ಸಾವಿರ ಪ್ರತಿಗಳನ್ನು ಇನ್ನೊಮ್ಮೆ ನೆನೆಯುವುದು ಉಚಿತ. ಆ ಪ್ರತಿಗಳಲ್ಲಿ ಪಾಠಾಂತರಗಳಿಗೆ ಎಡೆಯಿತ್ತು, ನಿಜ. ಆದರೆ ಒಂದನ್ನು ಗೆದ್ದಲು ತಿಂದರೆ ಮತ್ತೊಂದು ಉಳಿಯುತ್ತಿತ್ತು. ಸರ್ವರಿನಲ್ಲಿರುವ ಏಕೈಕ ಪ್ರತಿರೂಪಕ್ಕೆ ಆ ರಕ್ಷಣೆ ಇಲ್ಲ. ಹಂಚಿಕೊಳ್ಳಲು ಒಂದು ಪ್ರತಿ ಸಾಕು. ಉಳಿಸಿಕೊಳ್ಳಲು ಒಂದು ಪ್ರತಿ ಸಾಲದು. ಆದುದರಿಂದಲೇ ಜಾಗರೂಕರಾದವರು ಮೂಲಪ್ರತಿಯ ಇನ್ನೊಂದು ನಕಲನ್ನು ಬೇರೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೊಂದು ಕಟ್ಟಡದಲ್ಲಿ, ಕಾಪಾಡಿಕೊಳ್ಳುತ್ತಾರೆ. ಕೊಠಡಿಯಲ್ಲಿ ಕುಳಿತು ಕಲಿಯುವ ಮಕ್ಕಳು ಆ ನಕಲನ್ನು ಎಂದೂ ನೋಡುವುದಿಲ್ಲ. ಅದು ಇದೆಯೆಂಬ ಧೈರ್ಯದ ಮೇಲೆಯೇ ಅವರ ಪಾಠ ದಿನವೂ ನಡೆಯುತ್ತದೆ.

ಅಭ್ಯಾಸ

1. ಗಣಕಯಂತ್ರಗಳ ಕೊಠಡಿಯಲ್ಲಿಯೂ ಪಾಠಾಂತರಗಳು ಹುಟ್ಟುತ್ತವೆ ಎಂಬುದನ್ನು ವಿವರಿಸಿರಿ.
2. ಡಿಸ್ಕಿಲ್ಲದ ಯಂತ್ರವು ಎಚ್ಚರಗೊಳ್ಳುವ ಹಂತಗಳನ್ನು ಕ್ರಮವಾಗಿ ಬರೆಯಿರಿ.
3. ಟಿ.ಎಫ್.ಟಿ.ಪಿ.ಯ ದೋಷಕ್ಕೆ ಮಾಂತ್ರಿಕನ ಶಿಷ್ಯ ಎಂಬ ಹೆಸರು ಹೇಗೆ ಒಪ್ಪುತ್ತದೆ?
4. ಸೆಕೆಂಡಿಗೆ 100 ಕೋಟಿ ಬಿಟ್ಟುಗಳನ್ನು ಸಾಗಿಸುವ ಜಾಲದಲ್ಲಿ ಪಾಠದಲ್ಲಿ ಹೇಳಿದ ಪ್ರತಿರೂಪವನ್ನು ಮೂವತ್ತು ಯಂತ್ರಗಳಿಗೂ ಬೇರೆಬೇರೆಯಾಗಿ ಮುಟ್ಟಿಸಲು ಎಷ್ಟು ಹೊತ್ತು ಬೇಕು? ಲೆಕ್ಕಹಾಕಿರಿ.
5. “ಹಂಚಿಕೊಳ್ಳಲು ಒಂದು ಪ್ರತಿ ಸಾಕು; ಉಳಿಸಿಕೊಳ್ಳಲು ಒಂದು ಪ್ರತಿ ಸಾಲದು.” ಈ ಮಾತಿನ ಸ್ವಾರಸ್ಯವನ್ನು ಉದಾಹರಣೆಗಳೊಂದಿಗೆ ಬರೆಯಿರಿ.